ಟಿಡಿಎಸ್ ಮೀಟರಿಗೆ ಕಾಣದ ವಿಷ: ಕ್ಯಾನ್ಸರ್ ಲೆಕ್ಕ ಇಡಬೇಕಾದವರು ನಮ್ಮಲ್ಲಿ ಯಾರು?

ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಈ ದೃಶ್ಯ ಹೊಸದಲ್ಲ. ಯಾರಾದರೂ ನೀರಿನ ಬಗ್ಗೆ ಅನುಮಾನ ತೆಗೆದರೆ ಘಟಕ ನೋಡಿಕೊಳ್ಳುವವರು ಕಿಸೆಯಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟದ ನೀರಿಗೆ ಅದ್ದುತ್ತಾರೆ. 80, 90 ಅಂತ ಅಂಕಿ ಬರುತ್ತೆ. "ನೋಡ್ರಿ, ನೂರರ ಒಳಗ ಅದ, ನೀರು ಛಲೋ ಅದ" ಅಂದರೆ ಅಲ್ಲಿಗೆ ಮಾತು ಮುಗೀತು.

ಆ ಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಂದಾಜು ಮಾತ್ರ. ಯಾವ ಲವಣ, ಯಾವ ವಿಷ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಆ ಆರ್ಸೆನಿಕ್ ವಿಷಯ ನೋಡಿ. ಕುಡಿಯುವ ನೀರಿನಲ್ಲಿ ಅದಕ್ಕೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರಿನ ಒಂದು ಅಂಕಿ ಅಂದರೆ ಲೀಟರಿಗೆ 1 ಮಿಲಿಗ್ರಾಂ. ಮಿತಿಗಿಂತ ಮೂವತ್ತು ಪಟ್ಟು ಆರ್ಸೆನಿಕ್ ಇದ್ದರೂ ಅದು 0.3 ಮಿಲಿಗ್ರಾಂ. ಮೀಟರಿನ ಒಂದಂಕಿಯೂ ಅಲುಗುವುದಿಲ್ಲ. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಬದಲಾಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತೆ.

ಮೂವತ್ತು ಪಟ್ಟು ಅನ್ನುವುದು ಬಾಯಿಗೆ ಬಂದ ಲೆಕ್ಕ ಅಲ್ಲ. ದೇವದುರ್ಗದಿಂದ ಕೃಷ್ಣಾ ನದಿ ದಾಟಿದರೆ ಸಿಗುವ ಸುರಪುರ ಭಾಗದಲ್ಲಿ ವಿಜ್ಞಾನಿಗಳಿಗೆ ಸಿಕ್ಕ ಅಂಕಿ.

ತಿಂಥಣಿ ಬ್ರಿಡ್ಜ್ ಆಚೆ

ಈಗಿನ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹೆಸರು ಈ ಭಾಗದ ಓದುಗರಿಗೆ ನೆನಪಿರಬಹುದು. ಅಲ್ಲಿನ ಜನರ ಅಂಗೈ ಅಂಗಾಲು ಗಂಟುಗಂಟಾಗಿ ದಪ್ಪಗಾಗುತ್ತಿದ್ದವು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು ಏಳುತ್ತಿದ್ದವು. ಹತ್ತಿರದಲ್ಲೇ ಮಂಗಳೂರು ಅನ್ನುವ ಊರಿದೆ. ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯ ಮಂಗಳೂರು. ಅಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನ ಇರುವ ಇಂಥ ಶಿಲಾಪಟ್ಟಿಗಳಲ್ಲಿ ಆರ್ಸೆನೊಪೈರೈಟ್ ಅನ್ನುವ ಖನಿಜವೂ ಜೊತೆಗೇ ಇರುವುದು ಸಾಮಾನ್ಯ. ಅದರೊಳಗಿರುವುದು ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್.

ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಪಶ್ಚಿಮ ಬಂಗಾಳ, ಬಾಂಗ್ಲಾದೇಶದ ಆರ್ಸೆನಿಕ್ ಸಮಸ್ಯೆಯನ್ನು ದಶಕಗಳ ಕಾಲ ಬೆನ್ನು ಹತ್ತಿದವರು. 2018ರಲ್ಲಿ ತೀರಿಕೊಂಡರು. ಅವರ ತಂಡ ವಿಜಯಪುರದ ಸಂಶೋಧಕರ ಜೊತೆ ಸೇರಿ ಈ ಪ್ರದೇಶದಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿದರು. ಅದರಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಅತಿ ಹೆಚ್ಚು ಅಂದರೆ ಲೀಟರಿಗೆ 303 ಮೈಕ್ರೋಗ್ರಾಂ, ಅಂದರೆ 0.303 ಮಿಲಿಗ್ರಾಂ. 181 ಜನರ ಚರ್ಮ ತಪಾಸಣೆ ಮಾಡಿದಾಗ ಶೇ 58.6 ಜನರಲ್ಲಿ ಆರ್ಸೆನಿಕ್‌ನಿಂದ ಆಗುವಂಥ ಚರ್ಮದ ಗುರುತುಗಳಿದ್ದವು. 171 ಜನರ ಕೂದಲು, ಉಗುರು ತೆಗೆದು ನೋಡಿದರೆ ಒಬ್ಬರನ್ನೂ ಬಿಡದೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು.

ಈ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ. ಮೇಲ್ಮಣ್ಣಿನ 12 ಮಾದರಿಗಳಲ್ಲಿ 6ರಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಹಳೆಯ ಗಣಿಯಿಂದ ಬಂದ ಪುಡಿಮಣ್ಣಿನ ಪರಿಣಾಮ ಇರಬಹುದು ಅಂತ ಸಂಶೋಧಕರು ಬರೆದರು. ಹಾಗಾದರೆ ಜನರ ಮೈ ಸೇರಿದ್ದು ನೀರಿನಿಂದಲೋ, ಮಣ್ಣಿನಿಂದಲೋ? ರೋಗ ಕಾಣಿಸಿಕೊಂಡ ಕಾಲ ನೋಡಿ, ಮುಖ್ಯವಾಗಿ ನೀರಿನಿಂದ ಅಂದರು. ಆದರೆ ಮನೆ ಸುತ್ತಲಿನ ಮಣ್ಣೂ ಬಾಯಿ ಸೇರಿ ಕಾರಣವಾಗಿರಬಹುದು, ಯಾವುದರಿಂದ ಎಷ್ಟು ಅಂತ ತಿಳಿಯಲು ಇನ್ನೂ ಅಧ್ಯಯನ ಬೇಕು ಅಂತಲೂ ಹೇಳಿದರು. ನೀರು ಬದಲಿಸಿದರೆ ಸಾಕೋ, ಅಂಗಳದ ಮಣ್ಣನ್ನೂ ನೋಡಬೇಕೋ ಅನ್ನುವ ತೀರ್ಮಾನ ನಿಂತಿರುವುದು ಇದೇ ಪ್ರಶ್ನೆಯ ಮೇಲೆ.

ಈ ಪ್ರಶ್ನೆ ಕೇಳುವುದೇ ಒಂದು ಉದ್ಯೋಗ. ಕ್ಯಾನ್ಸರ್ ತರುವ ವಸ್ತು ಮನುಷ್ಯರಿಗೆ ಎಷ್ಟು ತಾಗುತ್ತಿದೆ, ಯಾವ ದಾರಿಯಿಂದ, ಎಷ್ಟು ವರ್ಷದಿಂದ ಅಂತ ಅಳೆಯುವ ವಿಜ್ಞಾನಿಯ ಉದ್ಯೋಗ. ನಮ್ಮಲ್ಲಿ ಕ್ಯಾನ್ಸರ್ ಅಂದ ತಕ್ಷಣ ನೆನಪಾಗುವುದು ಡಾಕ್ಟರು, ಆಸ್ಪತ್ರೆ, ಕಿಮೊ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಹೋರಾಟ ನಡೀತಿದೆ, ನ್ಯಾಯವಾದ ಬೇಡಿಕೆಯೇ. ಆದರೆ ರೋಗ ಬಂದ ಮೇಲಿನ ಕೆಲಸಕ್ಕಿಂತ ಇಪ್ಪತ್ತು ವರ್ಷ ಮೊದಲು ಮಾಡಬೇಕಾದ ಕೆಲಸ ಇದು. ಇದರ ಬಗ್ಗೆ ಯಾರೂ ಧರಣಿ ಕೂತದ್ದು ನಾನು ನೋಡಿಲ್ಲ.

ಪಟ್ಟಿ ಬೇರೆ, ಮೈ ಸೇರಿದ ಲೆಕ್ಕ ಬೇರೆ

ವಾಟ್ಸ್‌ಆ್ಯಪ್‌ನಲ್ಲಿ ವಾರಕ್ಕೊಂದು ಬರುತ್ತೆ: ಇದು ತಿಂದರೆ ಕ್ಯಾನ್ಸರ್, ಅದು ಕುಡಿದರೆ ಕ್ಯಾನ್ಸರ್. ಇಂಥ ಸುದ್ದಿಗಳಲ್ಲಿ ಅಷ್ಟೋ ಇಷ್ಟೋ ನಿಜ ಇರುವವುಗಳ ಮೂಲ ಹೆಚ್ಚಾಗಿ ಫ್ರಾನ್ಸಿನ ಲಿಯೋನ್ ನಗರ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಚಿಕ್ಕದಾಗಿ ಐಎಆರ್‌ಸಿ, 1965ರಿಂದ ಅಲ್ಲಿದೆ. ಒಂದೊಂದು ವಸ್ತುವನ್ನೂ ಪರಿಶೀಲಿಸಿ ಗುಂಪು 1, 2ಎ, 2ಬಿ, 3 ಅಂತ ಹಾಕುತ್ತೆ. ಗುಂಪು 1 ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ. 2ಎ ಅಂದರೆ ಬಹುಶಃ ತರುತ್ತೆ. 2ಬಿ ಅಂದರೆ ತರುವ ಸಾಧ್ಯತೆ ಉಂಟು. 3 ಅಂದರೆ ಹೇಳಲು ಸಾಕಷ್ಟು ಪುರಾವೆ ಇಲ್ಲ.

ಇಲ್ಲೇ ಎಲ್ಲರೂ ಎಡವುವುದು. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ವಿಷ ಎಷ್ಟು ಜೋರು ಅಂತಲ್ಲ. ಬೀಡಿ ಸಿಗರೇಟಿನ ಹೊಗೆಯೂ ಗುಂಪು 1, ಉಪ್ಪು ಹಾಕಿ ಸಂಸ್ಕರಿಸಿ ಕಾರ್ಖಾನೆಯಲ್ಲಿ ಮಾಡುವ ಮಾಂಸವೂ ಗುಂಪು 1. ಹಾಗಂತ ಎರಡೂ ಸಮ ಅಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವುದನ್ನು 2016ರಲ್ಲಿ 2ಎ ಗುಂಪಿಗೆ ಸೇರಿಸಿದರು, ಅನ್ನನಾಳದ ಕ್ಯಾನ್ಸರ್ ಕಾರಣಕ್ಕೆ. ತೀನ್ ಕಂದಿಲ್ ಸುತ್ತಲಿನ ಚಾ ಅಂಗಡಿಯವರು ಗಾಬರಿ ಆಗಬೇಕಿಲ್ಲ, ಗಿರಾಕಿಗೆ ಎರಡು ನಿಮಿಷ ಆರಿಸಿ ಕುಡಿಯಲು ಹೇಳಿದರೆ ಸಾಕು. 2023ರ ಜುಲೈನಲ್ಲಿ ಡಯಟ್ ಸೋಡಾದಲ್ಲಿ ಹಾಕುವ ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿಯನ್ನು 2ಬಿಗೆ ಸೇರಿಸಿದಾಗ ದೇಶದ ಟೀವಿಗಳೆಲ್ಲ ಕೂಗಾಡಿದವು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಸಮಿತಿ, 70 ಕಿಲೋ ತೂಕದವರು ದಿನಕ್ಕೆ 9ರಿಂದ 14 ಕ್ಯಾನ್ ಕುಡಿದರೆ ಮಾತ್ರ ಮಿತಿ ದಾಟುತ್ತೆ ಅಂತ ಹೇಳಿತ್ತು. ಅದು ಯಾರ ಕಿವಿಗೂ ಬೀಳಲಿಲ್ಲ. ಮಾನ್ವಿಯಲ್ಲಿ ದಿನಕ್ಕೆ ಹದಿನಾಲ್ಕು ಡಯಟ್ ಸೋಡಾ ಕುಡಿಯುವವರು ಇದ್ದರೆ ತಿಳಿಸಿ, ಸುದ್ದಿ ಮಾಡೋಣ.

ಆರ್ಸೆನಿಕ್ ಹಾಗಲ್ಲ. ಕುಡಿಯುವ ನೀರಿನ ಆರ್ಸೆನಿಕ್ ಗುಂಪು 1ರಲ್ಲಿದೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ತರುತ್ತೆ ಅನ್ನುವುದಕ್ಕೆ ಮನುಷ್ಯರ ಮೇಲಿನ ಪುರಾವೆಯೇ ಇದೆ. ಅದೂ ಅಲ್ಲದೆ ನೀರು ಅಪರೂಪಕ್ಕೆ ಕುಡಿಯುವ ಸೋಡಾ ಅಲ್ಲ. ದಿನಾ ಕುಡಿಯಬೇಕು, ಅದರಲ್ಲೇ ಅನ್ನ ಬೇಯಬೇಕು, ಸಾರು ಕುದಿಯಬೇಕು. ನಮ್ಮ ಭಾಗದ ಇನ್ನೊಂದು ಹಳೇ ಶತ್ರು ಫ್ಲೋರೈಡ್ ಜೊತೆ ಇದನ್ನು ಬೆರೆಸಬಾರದು. ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತೆ. ಕ್ಯಾನ್ಸರ್ ಪಟ್ಟಿಯಲ್ಲಿ ಅದು ಗುಂಪು 3ರಲ್ಲಿದೆ. "ನಮ್ಮೂರ ನೀರು ಟೆಸ್ಟ್ ಆಗೇದ, ಫ್ಲೋರೈಡ್ ಇಲ್ಲಂತ" ಅನ್ನುವುದು ಆರ್ಸೆನಿಕ್ ಬಗ್ಗೆ ಏನನ್ನೂ ಹೇಳಿದ ಹಾಗಾಗಲಿಲ್ಲ.

ಯಾವುದರ ಪರೀಕ್ಷೆ ಆಗಿದೆ ಅಂತ ಕೇಳದೆ ಇದ್ದರೆ ಏನಾಗುತ್ತೆ ಅನ್ನುವುದಕ್ಕೆ ಬಾಂಗ್ಲಾದೇಶ ಸಾಕ್ಷಿ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಹಲವು ಧಾತುಗಳನ್ನು ಪರೀಕ್ಷೆ ಮಾಡಿತು. ಆರ್ಸೆನಿಕ್ ಮಾಡಲಿಲ್ಲ. ಜನ ಅದೇ ನೀರು ಕುಡಿದರು. ಕಾಯಿಲೆ ಬಿದ್ದ ಮೇಲೆ ಅಲ್ಲಿನ ಒಬ್ಬರು ಲಂಡನ್ನಿನವರೆಗೆ ಕೇಸು ಒಯ್ದರು. 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಆ ವರದಿ ಬರೆದವರಿಗೆ ಈ ಜನರ ಬಗ್ಗೆ ಕಾನೂನಿನ ಹೊಣೆ ಇಲ್ಲ ಅಂತ ಕೇಸು ವಜಾ ಮಾಡಿತು. ಪರೀಕ್ಷೆ ಮಾಡದ್ದಕ್ಕೆ ಯಾರೂ ಹೊಣೆಯಾಗಲಿಲ್ಲ.

ಅಳೆಯುವುದು ಹೇಗೆ

ಈ ವಿಜ್ಞಾನಿ ಒಂದು ಹಳ್ಳಿಗೆ ಬಂದರೆ ಏನು ಮಾಡುತ್ತಾರೆ? ಮೊದಲು ಬೋರ್‌ವೆಲ್ಲನ್ನು ಐದಾರು ನಿಮಿಷ ಓಡಿಸಿ ಪೈಪಿನಲ್ಲಿ ನಿಂತ ನೀರು ಹೋಗಲು ಬಿಡುತ್ತಾರೆ. ಆ್ಯಸಿಡ್‌ನಲ್ಲಿ ತೊಳೆದ ಬಾಟಲಿಯಲ್ಲಿ ನೀರು ಹಿಡಿದು, ಲೋಹ ಬಾಟಲಿಯ ಗೋಡೆಗೆ ಅಂಟಬಾರದು ಅಂತ ಹನಿ ನೈಟ್ರಿಕ್ ಆ್ಯಸಿಡ್ ಹಾಕುತ್ತಾರೆ. ಬೋರ್ ಎಷ್ಟು ಅಡಿ, ಯಾವ ವರ್ಷ ಕೊರೆದದ್ದು ಅಂತ ಬರೆದುಕೊಳ್ಳುತ್ತಾರೆ. ಇಷ್ಟು ಸುಲಭದ ಭಾಗ. ಆಮೇಲೆ ಮನೆಮನೆಗೆ ಹೋಗಿ ಕೇಳಬೇಕು: ದಿನಕ್ಕೆ ಎಷ್ಟು ತಂಬಿಗೆ ಕುಡೀತೀರಿ? ಹೊಲಕ್ಕೆ ಯಾವ ನೀರು ಒಯ್ತೀರಿ? ಅಡುಗೆಗೆ ಯಾವುದು? ಈ ಬೋರ್ ಬರುವ ಮುಂಚೆ ಎಲ್ಲಿ ತರ್ತಿದ್ರಿ? ಮದುವೆಯಾಗಿ ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು? ದುಡಿಯಲು ಬೆಂಗಳೂರಿಗೆ ಹೋದರೆ ಎಷ್ಟು ತಿಂಗಳು ಅಲ್ಲಿರ್ತೀರಿ?

ಮೈ ಏನು ಹೇಳುತ್ತೆ ಅಂತಲೂ ನೋಡುತ್ತಾರೆ. ಮೂತ್ರದಲ್ಲಿ ಸಿಗುವುದು ಕಳೆದ ಕೆಲವು ದಿನಗಳ ಲೆಕ್ಕ. ಕೂದಲು, ಉಗುರಿನ ಪ್ರೊಟೀನಿಗೆ ಆರ್ಸೆನಿಕ್ ಅಂಟಿಕೊಳ್ಳುವುದರಿಂದ ಅಲ್ಲಿ ಸಿಗುವುದು ಹಿಂದಿನ ತಿಂಗಳುಗಳ ಲೆಕ್ಕ. ಕಾಲ್ಬೆರಳಿನ ಉಗುರು ನಿಧಾನ ಬೆಳೆಯುತ್ತೆ, ಹಾಗಾಗಿ ಅದು ಇನ್ನೂ ಹಿಂದಿನದನ್ನು ಹೇಳುತ್ತೆ. ಅಂಗೈ ನೋಡುವಾಗ ಎಚ್ಚರ ಬೇಕು. ಗುದ್ದಲಿ, ಸಲಿಕೆ ಹಿಡಿದ ಕೈ ಹೇಗೂ ದಡ್ಡುಗಟ್ಟಿರುತ್ತೆ. ಆದರೆ ದುಡಿಮೆಯ ದಡ್ಡು ಹಿಡಿಕೆ ಒತ್ತುವ ಕಡೆ ಇರುತ್ತೆ, ಆರ್ಸೆನಿಕ್‌ನ ಗಂಟುಗಳು ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಹರಡಿರುತ್ತವೆ.

ಒಂದು ಸಣ್ಣ ಲೆಕ್ಕ ನಾವೇ ಮಾಡಬಹುದು. ನೀರಿನ ಮಿತಿಗಳ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ದೊಡ್ಡವರು ದಿನಕ್ಕೆ 2 ಲೀಟರ್ ಕುಡಿಯುತ್ತಾರೆ ಅಂತ ಇಟ್ಟುಕೊಳ್ಳುತ್ತಾರೆ. ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಣ್ಣುಮಗಳು 2 ಲೀಟರಿನಲ್ಲಿ ದಿನ ಕಳೆಯುತ್ತಾಳೆಯೇ? 5 ಲೀಟರ್ ಅಂತ ಇಟ್ಟುಕೊಳ್ಳಿ. ಲೀಟರಿಗೆ 303 ಮೈಕ್ರೋಗ್ರಾಂ ಇರುವ ನೀರಾದರೆ ದಿನಕ್ಕೆ ಒಂದೂವರೆ ಮಿಲಿಗ್ರಾಂ ಮೈ ಸೇರಿತು. ಮಿತಿಯೊಳಗಿನ ನೀರನ್ನು 2 ಲೀಟರ್ ಕುಡಿಯುವವರಿಗೆ ಸೇರುವುದು ಹೆಚ್ಚೆಂದರೆ 0.02 ಮಿಲಿಗ್ರಾಂ. ಎಪ್ಪತ್ತೈದು ಪಟ್ಟು ವ್ಯತ್ಯಾಸ. ನೀರು ಮೂವತ್ತು ಪಟ್ಟು ಕೆಟ್ಟದ್ದು, ಉಳಿದದ್ದು ಬಿಸಿಲು ಮತ್ತು ಬಡತನ ಸೇರಿಸಿದ್ದು. ದೆಹಲಿಯಲ್ಲಿ ಕೂತು ಹಾಕಿದ ಸರಾಸರಿಯಲ್ಲಿ ಇದು ಕಾಣುವುದಿಲ್ಲ.

ಮಾನ್ವಿ ಕಡೆ ಇನ್ನೊಂದು ತೊಡಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ಅದೇ ಕುಡಿಯುವ ಊರುಗಳಿವೆ. ಕಾಲುವೆ ನಿಂತು ಕೆರೆ ತಳ ಕಂಡರೆ ಬೋರ್‌ವೆಲ್ಲೇ ಗತಿ. ಕಾಲುವೆಯ ಕೊನೆ ಭಾಗದ ಊರುಗಳಿಗಂತೂ ನೀರು ಬಂದರೆ ಬಂತು. ಒಂದೇ ಮನೆಯವರು ಆಗಸ್ಟ್‌ನಲ್ಲಿ ಒಂದು ನೀರು, ಮೇ ತಿಂಗಳಲ್ಲಿ ಇನ್ನೊಂದು ನೀರು ಕುಡಿಯುತ್ತಾರೆ. ಮಳೆಗಾಲದಲ್ಲಿ ಹಿಡಿದ ಒಂದು ಬಾಟಲಿ ನೀರು ಆ ಮನೆಯ ವರ್ಷದ ಕಥೆ ಹೇಳಲಾರದು.

ದೇವದುರ್ಗದ ವಿಷಯ ಬೇರೆ. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲಿದ್ದರೂ ಅದೇ ಕಂಪನಿಯ ಊಟಿ ಗಣಿ ಇರುವುದು ದೇವದುರ್ಗ ತಾಲ್ಲೂಕಿನಲ್ಲಿ. ಹಟ್ಟಿ ಅದಿರಿನಲ್ಲಿ ಆರ್ಸೆನೊಪೈರೈಟ್ ಇರುವುದು ಭೂವಿಜ್ಞಾನಿಗಳಿಗೆ ಹಳೆಯ ವಿಷಯ. ಹಾಗಂತ ಸುತ್ತಲಿನ ಊರುಗಳ ನೀರು ಕೆಟ್ಟಿದೆ ಅಂತ ಅರ್ಥವಲ್ಲ. ಒಂದೇ ಊರಿನ ಎರಡು ಬೋರ್‌ಗಳ ನಡುವೆಯೂ ವ್ಯತ್ಯಾಸ ಇರುತ್ತೆ, ಬಂಡೆಯ ಯಾವ ಬಿರುಕಿನಿಂದ ನೀರು ಬರುತ್ತೆ ಅನ್ನುವುದರ ಮೇಲೆ ಹೋಗುತ್ತೆ. ಅದಕ್ಕೇ ಊರಿಗೊಂದು ಪರೀಕ್ಷೆ ಸಾಲದು, ಬೋರಿಗೊಂದು ಬೇಕು ಅನ್ನುವುದು. ಚಿನ್ನ ಇರುವ ಕಲ್ಲಿನ ಮೇಲೆ ಊರು ಕಟ್ಟಿಕೊಂಡವರಿಗೆ ಮೊದಲು ಪರೀಕ್ಷೆ ಆಗಲಿ ಅನ್ನುವುದು ಅತಿಯಾದ ಬೇಡಿಕೆ ಅಲ್ಲ.

ಆರ್‌ಒ ಘಟಕದ ಬಗ್ಗೆ ನ್ಯಾಯವಾಗಿ ಒಂದು ಮಾತು. ಮೆಂಬ್ರೇನ್ ಚೆನ್ನಾಗಿದ್ದರೆ ಆರ್‌ಒ ಆರ್ಸೆನಿಕ್‌ನ ಒಂದು ರೂಪವನ್ನು ಬಹುಮಟ್ಟಿಗೆ ತಡೆಯುತ್ತೆ. ಇನ್ನೊಂದು ರೂಪ ನುಸುಳಿಕೊಳ್ಳುತ್ತೆ. ಮೆಂಬ್ರೇನ್ ಹಳತಾದರೆ ಎರಡೂ ನುಸುಳುತ್ತವೆ. ಇನ್ನು ಕುಡಿಯಲು ಮಾತ್ರ ಕ್ಯಾನಿನ ನೀರು ತಂದು, ಅಡುಗೆಗೆ ಬೋರ್ ನೀರು ಬಳಸುವ ಮನೆಗಳೇ ಹೆಚ್ಚು. ಅನ್ನ ನೀರು ಹೀರಿಕೊಂಡೇ ಬೇಯುತ್ತೆ.

ಎಣ್ಣಿ ಅಂಗಡಿಯ ಹಸಿರು ತ್ರಿಕೋನ

ನೀರಿನ ನಂತರ ನಮ್ಮ ಭಾಗದಲ್ಲಿ ಕೇಳಬೇಕಾದ ಪ್ರಶ್ನೆ ಹೊಲಕ್ಕೆ ಹೊಡೆಯುವ ಎಣ್ಣಿಯದು. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ನಾಡಿದು, ಕೀಟನಾಶಕ ಇಲ್ಲಿಗೆ ಕಡಿಮೆ ಬರುವುದಿಲ್ಲ. ಡಬ್ಬಿಯ ಮೇಲಿನ ತ್ರಿಕೋನ ಎಲ್ಲ ಅಂಗಡಿಯವರಿಗೂ ಗೊತ್ತು: ಕೆಂಪು, ಹಳದಿ, ನೀಲಿ, ಹಸಿರು. ಹಸಿರು ಅಂದರೆ ಅಪಾಯ ಕಡಿಮೆ ಅಂತ ಗಿರಾಕಿಗೆ ಹೇಳುತ್ತೇವೆ. ಆದರೆ ಆ ಬಣ್ಣ ನಿಂತಿರುವುದು ಎಷ್ಟು ಪ್ರಮಾಣ ಒಮ್ಮೆಗೇ ಮೈ ಸೇರಿದರೆ ಪ್ರಯೋಗದ ಪ್ರಾಣಿ ಸಾಯುತ್ತೆ ಅನ್ನುವ ಲೆಕ್ಕದ ಮೇಲೆ. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ತಾಗಿದರೆ ಏನಾಗುತ್ತೆ ಅನ್ನುವುದಕ್ಕೂ ತ್ರಿಕೋನಕ್ಕೂ ಸಂಬಂಧವಿಲ್ಲ.

2015ರ ಮಾರ್ಚ್‌ನಲ್ಲಿ ಐಎಆರ್‌ಸಿ ಗ್ಲೈಫೊಸೇಟ್ ಕಳೆನಾಶಕವನ್ನೂ, ಮೆಲಾಥಿಯಾನ್ ಕೀಟನಾಶಕವನ್ನೂ 2ಎ ಗುಂಪಿಗೆ ಹಾಕಿತು. ಗ್ಲೈಫೊಸೇಟ್ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಅದೇ ವರ್ಷ ಬೇರೆ ತೀರ್ಮಾನಕ್ಕೆ ಬಂತು. ಅಮೆರಿಕದ ಅಯೋವಾ, ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ 1993ರಿಂದ ಸುಮಾರು 89 ಸಾವಿರ ಜನರನ್ನು, ಅಂದರೆ ಎಣ್ಣಿ ಹೊಡೆಯುವವರು ಮತ್ತು ಅವರ ಹೆಂಡತಿ ಗಂಡಂದಿರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯುತ್ತಿದೆ. ಯಾವ ಎಣ್ಣಿ, ವರ್ಷಕ್ಕೆ ಎಷ್ಟು ದಿನ, ಕೈಗವಸು ಹಾಕಿದ್ದರೋ ಇಲ್ಲವೋ ಅಂತ ಬರೆದುಕೊಂಡು ದಶಕಗಟ್ಟಲೆ ಅವರ ಆರೋಗ್ಯ ನೋಡುತ್ತಾರೆ. ಅದರ 2018ರ ವರದಿಯಲ್ಲಿ ಗ್ಲೈಫೊಸೇಟ್ ಬಳಕೆಗೂ ಕ್ಯಾನ್ಸರಿಗೂ ಒಟ್ಟಾರೆ ನಂಟು ಕಾಣಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗ್ಲೈಫೊಸೇಟ್ ಬಳಕೆಯನ್ನು ಕೀಟ ನಿಯಂತ್ರಣ ಪರವಾನಗಿದಾರರಿಗೆ ಮಾತ್ರ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿತು. ಇಷ್ಟು ಜಗಳ ಇರುವ ವಿಷಯದಲ್ಲಿ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ತಪ್ಪಾಗುತ್ತೆ.

ಆದರೆ ಅಯೋವಾದ ರೈತ ಟ್ರ್ಯಾಕ್ಟರ್ ಮೇಲೆ ಕೂತು ಹೊಡೆಯುತ್ತಾನೆ. ದೇವದುರ್ಗದ ಕೂಲಿಯವರು ಬೆನ್ನಿಗೆ ಪಂಪು ಹಾಕಿಕೊಂಡು ಎದೆಮಟ್ಟದ ಹತ್ತಿ ಸಾಲಿನಲ್ಲಿ ನಡೆಯುತ್ತಾರೆ. ಎಣ್ಣಿಯನ್ನು ಬರಿಗೈಯಲ್ಲಿ ಕಲಸುತ್ತಾರೆ, ಪಂಪು ಸೋರಿ ಬೆನ್ನು ನೆನೆದರೂ ಸಂಜೆಯವರೆಗೆ ಅದೇ ಬಟ್ಟೆ. ಎಣ್ಣಿ ಹೊಡೆಯುವವರಿಗೆ ವಿಷ ಹೆಚ್ಚಾಗಿ ಸೇರುವುದು ಮೂಗಿನಿಂದಲ್ಲ, ಚರ್ಮದಿಂದ. ಮುಖಕ್ಕೆ ಟವೆಲ್ ಸುತ್ತಿಕೊಂಡು ಕೈ ಬರಿದಾಗಿ ಬಿಟ್ಟರೆ ತಪ್ಪು ಬಾಗಿಲಿಗೆ ಬೀಗ ಹಾಕಿದಂತೆ. ಅಲ್ಲಿನ ಮೈಗೆ ಸೇರಿದ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಲಾಗುವುದಿಲ್ಲ. ಇಲ್ಲಿಯದನ್ನು ಇಲ್ಲೇ ಅಳೆಯಬೇಕು.

ಅಂಗಡಿಯವರಿಗೆ ಒಂದು ಮಾತು. ಕಾನೂನಿನ ಪ್ರಕಾರ ನೀವು ಇಡಬೇಕಾದ ಸ್ಟಾಕ್ ಪುಸ್ತಕ, ಕೊಡಬೇಕಾದ ಬಿಲ್ಲು ಬರೀ ಕೃಷಿ ಇಲಾಖೆಯವರ ತಪಾಸಣೆಗಲ್ಲ. ಯಾವ ವರ್ಷ ಯಾವ ಊರಿಗೆ ಯಾವ ಎಣ್ಣಿ ಎಷ್ಟು ಹೋಯಿತು ಅನ್ನುವುದಕ್ಕೆ ನಾಳೆ ಯಾರಾದರೂ ವಿಜ್ಞಾನಿ ಬಂದರೆ ಸಿಗುವ ಗಟ್ಟಿ ದಾಖಲೆ ಅದು. ಹತ್ತು ವರ್ಷದ ಹಿಂದಿನ ಎಣ್ಣಿಯ ಹೆಸರು ರೈತನಿಗೆ ನೆನಪಿರುವುದಿಲ್ಲ, "ಕೆಂಪು ಡಬ್ಬಿದು" ಅನ್ನುತ್ತಾನೆ. ಕಚ್ಚಾ ಚೀಟಿಯಲ್ಲಿ ಉದ್ದರಿ ಕೊಟ್ಟರೆ ಆ ದಾಖಲೆಯೂ ಇಲ್ಲ. ಇನ್ನು ದಿನಕ್ಕೆ ಹತ್ತು ತಾಸು ಆ ವಾಸನೆಯಲ್ಲಿ ಕೂರುವವರು ನೀವೇ. ರೈತ ಹಂಗಾಮಿಗೆ ಹಲವು ಸಲ ಹೊಡೆದು ಮನೆಗೆ ಹೋಗುತ್ತಾನೆ, ನಿಮ್ಮದು ವರ್ಷವಿಡೀ.

ಪ್ರಮಾಣ ತಪ್ಪಬಾರದು, ಅದಕ್ಕೇ ಇದನ್ನೂ ಹೇಳಬೇಕು. ಅಳತೆಯ ಕಣ್ಣಿನಿಂದ ನೋಡಿದರೆ ನಮ್ಮ ಪೇಟೆಯಲ್ಲಿ ಅತಿ ಹೆಚ್ಚು ಜನರ ಮೈಗೆ, ಅತಿ ಹೆಚ್ಚು ಪ್ರಮಾಣದಲ್ಲಿ, ದಿನಾ ಸೇರುತ್ತಿರುವ ಗುಂಪು 1ರ ವಸ್ತು ಆರ್ಸೆನಿಕ್ ಅಲ್ಲ, ಎಣ್ಣಿಯೂ ಅಲ್ಲ. ತಂಬಾಕು ಮತ್ತು ಅಡಿಕೆ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ 2004ರಲ್ಲೇ ಗುಂಪು 1ಕ್ಕೆ ಸೇರಿಸಿದ್ದಾರೆ. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳಿಂದ ನಿಷೇಧ. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಅಂತ ಅಕ್ಕಪಕ್ಕ ನೇತು ಹಾಕಿದ್ದು ಯಾಕೆ ಅಂತ ಮಾರುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು. ಇಲ್ಲಿ ಅಳೆಯಲು ವಿಜ್ಞಾನಿ ಬೇಕಿಲ್ಲ, ಅಂಗಡಿ ಮುಂದಿನ ಖಾಲಿ ಚೀಟು ಎಣಿಸಿದರೆ ಸಾಕು. ರಾಯಚೂರು ನಗರದವರು ಕೇಳುವ ಶಕ್ತಿನಗರದ ಹೊಗೆ, ಬೂದಿಯ ಪ್ರಶ್ನೆಯೂ ನ್ಯಾಯವಾದದ್ದೇ. ಗಾಳಿಯ ಮಾಲಿನ್ಯ 2013ರಿಂದ ಗುಂಪು 1ರಲ್ಲಿದೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಎಣಿಸುವುದು ತಪ್ಪುವುದು ಎಲ್ಲಿ

2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಇಡೀ ರಾಜ್ಯ ತಿರುಗಿ ನೋಡಿತು. ವಾಂತಿ ಭೇದಿ ಎರಡು ದಿನದಲ್ಲಿ ಕಾಣುತ್ತೆ, ಅದೇ ವಾರ್ಡಿನವರು ಅದೇ ಆಸ್ಪತ್ರೆಗೆ ಬರುತ್ತಾರೆ, ನಲ್ಲಿಯೇ ಕಾರಣ ಅಂತ ಗೊತ್ತಾಗುತ್ತೆ. ಆರ್ಸೆನಿಕ್ ಹಾಗೆ ಸಿಕ್ಕಿಬೀಳುವುದಿಲ್ಲ. ಚಿಲಿ ದೇಶದ ಆಂಟೊಫಗಾಸ್ತಾ ನಗರಕ್ಕೆ 1958ರಲ್ಲಿ ಹೊಸ ನದಿ ನೀರು ತಂದರು. ಅದರಲ್ಲಿ ಲೀಟರಿಗೆ 800 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಹಾಕಿ ಕಡಿಮೆ ಮಾಡಿದರು. ನೀರು ಸರಿಯಾಯಿತು. ಆದರೆ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಸಾವು ಆಮೇಲೆ ಹತ್ತಿಪ್ಪತ್ತು ವರ್ಷ ಏರುತ್ತಲೇ ಹೋಯಿತು, ನಲವತ್ತು ವರ್ಷದ ನಂತರವೂ ಆ ಪ್ರದೇಶದಲ್ಲಿ ಹೆಚ್ಚಾಗಿಯೇ ಇತ್ತು. ಅಲ್ಲಿ ಇದು ಗೊತ್ತಾದದ್ದು ಯಾವ ವರ್ಷ ನೀರಿನಲ್ಲಿ ಎಷ್ಟಿತ್ತು ಅನ್ನುವ ದಾಖಲೆ ಇದ್ದುದರಿಂದ, ಸಾವಿನ ದಾಖಲೆಯೂ ಇದ್ದುದರಿಂದ.

ನಮ್ಮಲ್ಲಿ? ದೇವದುರ್ಗದ ಒಬ್ಬರಿಗೆ ಕ್ಯಾನ್ಸರ್ ಬಂದರೆ ಹೈದರಾಬಾದಿಗೆ ಹೋಗುತ್ತಾರೆ. ಇನ್ನೊಬ್ಬರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, ಮತ್ತೊಬ್ಬರು ಹುಬ್ಬಳ್ಳಿಗೋ ಬೆಂಗಳೂರಿಗೋ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ, ಹೈದರಾಬಾದಿನಲ್ಲೂ ಅಂಥದ್ದಿದೆ. ಆದರೆ ಇಂಥ ನೋಂದಣಿ ಎಣಿಸುವುದು ಆ ನಗರದಲ್ಲಿ ವಾಸ ಇರುವವರನ್ನು. ಹೊರಗಿನಿಂದ ಚಿಕಿತ್ಸೆಗೆ ಬಂದವರನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಅವರ ಕೆಲಸದ ನಿಯಮ ಅದು, ತಪ್ಪಲ್ಲ. ಹೀಗೆ ನಮ್ಮ ರೋಗಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಇದ್ದಾನೆ, ಹೈದರಾಬಾದಿನ ಎಣಿಕೆಯಲ್ಲಿ ಇಲ್ಲ. ಒಂದೇ ಹಳ್ಳಿಯ ನಾಲ್ಕು ಜನ ನಾಲ್ಕು ಊರಿನ ಆಸ್ಪತ್ರೆಯಲ್ಲಿ ಇದ್ದರೆ, ನಾಲ್ವರೂ ಒಂದೇ ಬೋರಿನ ನೀರು ಕುಡಿದವರು ಅಂತ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಹಳ್ಳಿಯ ಆಶಾ ಕಾರ್ಯಕರ್ತೆಗೆ ತಿಳಿದಿರುತ್ತೆ. ಅವರನ್ನು ಯಾರೂ ಕೇಳಿಲ್ಲ.

ಜಿಲ್ಲೆಯಲ್ಲಿ ಕೈಕಾಲು ಇಲ್ಲ ಅಂತೇನಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯ ಇದೆ. ರಿಮ್ಸ್‌ನಲ್ಲಿ ಚರ್ಮರೋಗದ ವೈದ್ಯರಿದ್ದಾರೆ. ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ನೀರು ಪರೀಕ್ಷೆಯ ವ್ಯವಸ್ಥೆ ಇದೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ನಿಯಮವೂ ಇದೆ. ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ನೋಡುವ ಬಾಟಲಿಯಿಂದ ಆರ್ಸೆನಿಕ್ ತಿಳಿಯುವುದಿಲ್ಲ, ಅದಕ್ಕೆ ಬೇರೆ ರಾಸಾಯನಿಕ, ಬೇರೆ ಪಟ್ಟಿ ಬೇಕು ಅನ್ನುವುದಷ್ಟೇ ತೊಡಕು. ಇವರೆಲ್ಲ ಬಿಡಿಬಿಡಿ. ನೀರಿನವರ ಕಾಗದ ಆಸ್ಪತ್ರೆಗೆ ಹೋಗುವುದಿಲ್ಲ, ಆಸ್ಪತ್ರೆಯ ಕಾಗದ ನೀರಿನವರಿಗೆ ಬರುವುದಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಒಂದು ಕುರ್ಚಿ ಜಿಲ್ಲೆಗೆ ಬೇಕು. ದೊಡ್ಡ ಕಟ್ಟಡ ಬೇಡ, ಆ ಕುರ್ಚಿ ಸಾಕು.

ಅಲ್ಲಿಯವರೆಗೆ ಊರಿನವರು ಮಾಡಬಹುದಾದ್ದು ಇದೆ. ಗ್ರಾಮ ಪಂಚಾಯಿತಿಗೆ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಉಪವಿಭಾಗಕ್ಕೆ ಅರ್ಜಿ ಕೊಟ್ಟು ಕೇಳಿ. ನೀರು ಟೆಸ್ಟ್ ಮಾಡಿದ್ದೀರಾ ಅಂತ ಕೇಳಬೇಡಿ, ಹೌದು ಅಂತಾರೆ. ಹೀಗೆ ಕೇಳಿ: ನಮ್ಮ ಊರಿನ ಪ್ರತಿ ಬೋರ್‌ವೆಲ್ಲಿನ ಆರ್ಸೆನಿಕ್ ಅಂಕಿ ಎಷ್ಟು, ಯಾವ ದಿನಾಂಕ ಮಾದರಿ ತೆಗೆದದ್ದು, ಕಿಟ್‌ನಲ್ಲಿ ನೋಡಿದ್ದೋ ಪ್ರಯೋಗಾಲಯದಲ್ಲೋ, ಬೋರಿನ ಆಳ ಎಷ್ಟು. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಇದೇ ನಾಲ್ಕು ಸಾಲು ಬರೆಯಿರಿ. ಉತ್ತರ ಬಂದರೆ ಪಂಚಾಯಿತಿ ಗೋಡೆಗೆ ಅಂಟಿಸಿ, ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕೊಡಿ. ಆರ್‌ಒ ಘಟಕ ಇದ್ದರೆ ಒಳಗೆ ಹೋಗುವ ನೀರಿನದು, ಹೊರಗೆ ಬರುವ ನೀರಿನದು ಎರಡೂ ಅಂಕಿ ಕೇಳಿ. ಮಾನ್ವಿ ಭಾಗದವರು ಮಾತ್ರ ಅರ್ಜಿ ಎರಡು ಸಲ ಹಾಕಬೇಕಾಗುತ್ತೆ: ಕಾಲುವೆ ಹರಿಯುವಾಗ ಒಮ್ಮೆ, ಕಾಲುವೆ ನಿಂತು ಊರು ಬೋರ್‌ವೆಲ್ಲಿಗೆ ಬಿದ್ದಾಗ ಇನ್ನೊಮ್ಮೆ.